ಕೆರೆಯ ಕೆಸರಿನಲ್ಲಿ ಕಾಮನಬಿಲ್ಲು



ಕೆಲವು ವರ್ಷಗಳ ಕೆಳಗೆ ಚನ್ನಗಿರಿ ತಾಲ್ಲೂಕಿನ ತ್ಯಾವಣಿಗೆಯಿಂದ ರೈತರೊಬ್ಬರು ನನ್ನಲ್ಲಿಗೆ ಬಂದರು. ಅವರ ಮಗ ನನ್ನ ವಿದ್ಯಾರ್ಥಿ. ವಸ್ತ್ರದ ಗಂಟನ್ನು ಬಿಚ್ಚಿ ಅವರು ಮೇಜಿನ ಮೇಲಿಟ್ಟ ಬಿಳಿಯ ಕಲ್ಲಿನೊಳಗೆ ಒಂದು ಕಡೆ ಕಾಮನಬಿಲ್ಲಿನ ಬಣ್ಣಗಳು ಮಿನುಗುತ್ತಿದ್ದುವು. “ಸ್ವಾಮಿ, ಇದು ಓಪಲ್ ಅಂತ ಯಾರೋ ಹೇಳಿದರು. ಹೊಲದಲ್ಲಿ ಆಳವಾಗಿ ತೋಡಿಸಬೇಕು ಅಂತಿದ್ದೇನೆ. ಸಾಲಕ್ಕೂ ಮಾತಾಡಿ ಬಂದಿದ್ದೇನೆ” ಎಂದರು. ನಾನು ಅವರಿಗೆ ಕೊಟ್ಟ ಉತ್ತರವನ್ನೇ ಈ ಸಂಜೆ ತಮ್ಮೆದುರಿಗೆ ಸ್ವಲ್ಪ ವಿಸ್ತಾರವಾಗಿ ಹೇಳಬೇಕೆಂದಿದ್ದೇನೆ.

ಓಪಲ್ ಎಂಬ ಹೆಸರು ಸಂಸ್ಕೃತದ ‘ಉಪಲ’ ಶಬ್ದದಿಂದ ಹೊರಟುದೆಂದು ಬಹುಮಂದಿ ಪಂಡಿತರ ಅಭಿಪ್ರಾಯ. ಉಪಲವೆಂದರೆ ಕಲ್ಲು. ಅದರ ದ್ರವ್ಯವೂ ಸಾಮಾನ್ಯವಾದುದೇ. ಮರಳಿನಲ್ಲಿಯೂ ಬೆಣಚುಕಲ್ಲಿನಲ್ಲಿಯೂ ಇರುವ ಸಿಲಿಕವು ಒಂದಿಷ್ಟು ನೀರನ್ನು ಒಳಗಿಟ್ಟುಕೊಂಡು ಹೆಪ್ಪುಗಟ್ಟಿದರೆ ಓಪಲ್ ಆಗುವುದು. ಹಾಗಾದರೆ ಬಣ್ಣವೆಲ್ಲಿಯದು? 1964ರಲ್ಲಿ ಆಸ್ಟ್ರೇಲಿಯದ ವಿಜ್ಞಾನಿಗಳು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ನೆರವಿನಿಂದ ಇದರ ಗುಟ್ಟನ್ನು ಬಯಲಿಗೆ ತಂದರು. ರತ್ನದ ದರ್ಜೆಯ ಓಪಲಿನಲ್ಲಿ ಸಿಲಿಕದ ಗುಂಡುಗಳು, ಸಂತೆಯಲ್ಲಿ ಕಿತ್ತಳೆಹಣ್ಣುಗಳನ್ನು ಪೇರಿಸಿಟ್ಟಂತೆ, ಸಾಲುಸಾಲಾಗಿ ಕುಳಿತಿರುವುವು. ಒಂದೊಂದರ ಅಡ್ಡಳತೆ ಒಂದು ಮಿಲಿಮೀಟರಿನ 10,000 ಭಾಗಗಳಲ್ಲಿ ಎರಡು ಮೂರು ಭಾಗ ಮಾತ್ರ. ಈ ಸಾಲುಗಳಲ್ಲಿ ಹೊಕ್ಕ ಬಿಳಿಯ ಬೆಳಕು ಬಣ್ಣಬಣ್ಣವಾಗಿ ಒಡೆಯುವುದು. ಗುಂಡುಗಳು ದೊಡ್ಡವಾದರೆ ಕೆಂಪು ಕೂಡ ಕಾಣುವುದು, ಚಿಕ್ಕವಾದರೆ ನೀಲಿಯೇ ಹೆಚ್ಚು. ಅಳತೆ ಏರುಪೇರಾದರೆ, ಅದೇ ದ್ರವ್ಯವು ಮಂಕುಬಿಳುಪಿನ ಕಲ್ಲಾಗಿಯೇ ಉಳಿಯುವುದು.

ಇಂತಹ ಅಚ್ಚುಕಟ್ಟಿಗೆ ಕದಡದ ನೀರೂ ದೀರ್ಘಕಾಲವೂ ಬೇಕು. ಅಮೆರಿಕದ ನೆವಾಡ ಪ್ರಾಂತದ ವರ್ಜಿನ್ ಕಣಿವೆಯಲ್ಲಿ ಇವೆರಡೂ ಒದಗಿದುವು. ಸುಮಾರು 1½ ಕೋಟಿ ವರ್ಷಗಳ ಹಿಂದೆ ಅಲ್ಲಿ ಕೆರೆಗಳಿದ್ದುವು. ಅವುಗಳಲ್ಲಿ ಮುಳುಗಿದ ಮರಗಳ ಮೇಲೆ ಜ್ವಾಲಾಮುಖಿಯ ಬೂದಿ ಬಿದ್ದು ಕೆಸರಾಯಿತು. ಆ ಬೂದಿಯೆಂಬುದು ನುಣ್ಣನೆಯ ಗಾಜಿನ ಪುಡಿ. ಅಂತರ್ಜಲವು ಅದರಿಂದ ಸಿಲಿಕವನ್ನು ಮೆಲ್ಲಮೆಲ್ಲನೆ ಕರಗಿಸಿಕೊಂಡು, ಮರ ಕೊಳೆತು ಬಿಟ್ಟ ಪೊಳ್ಳುಗಳಿಗೆ ಒಸರಿತು. ಅಲ್ಲಿ ಗುಂಡುಗಳು ಬೆಳೆದು ಒಂದರ ಮೇಲೊಂದು ಕುಳಿತುವು. ಆದುದರಿಂದಲೇ ಆ ಕಣಿವೆಯ ಓಪಲಿಗೆ ಅನೇಕ ವೇಳೆ ಮರದ ಕೊಂಬೆಯ ಆಕಾರ. 1917ರಲ್ಲಿ ಅಲ್ಲಿ ದೊರೆತ ‘ರೋಬ್ಲಿಂಗ್ ಓಪಲ್’ ಇಂದು ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ಸಂಗ್ರಹಾಲಯದಲ್ಲಿದೆ. ಅದರ ತೂಕ ಸುಮಾರು ಅರ್ಧ ಕಿಲೋಗ್ರಾಮ್.

ನಮ್ಮ ನಾಡಿನಲ್ಲಿಯೂ ಪ್ರಾಚೀನ ಕೆರೆಗಳ ಕೆಸರು ಕಲ್ಲಾಗಿರುವುದುಂಟು. ಸುಮಾರು 6½ ಕೋಟಿ ವರ್ಷಗಳ ಹಿಂದೆ ದಖ್ಖನಿನ ಮೇಲೆ ಲಾವಾ ಹರಿಯಿತು. ಒಂದು ಹರಿವಿಗೂ ಮತ್ತೊಂದಕ್ಕೂ ನಡುವಣ ಬಿಡುವಿನಲ್ಲಿ ಕೆರೆಗಳು ನಿಂತುವು. ಯಾದಗಿರಿ ಜಿಲ್ಲೆಯ ಗುರುಮಠಕಲ್ಲಿನ ಬಳಿ ಅಂತಹ ಪದರಗಳು ಸಿಹಿನೀರಿನ ಜೀವಿಗಳ ಚಿಪ್ಪುಗಳೊಡನೆ ಉಳಿದಿವೆ. ಆದರೆ ಓಪಲ್ ಚಿರಂಜೀವಿಯಲ್ಲ. ಕಾಲ ಕಳೆದಂತೆ ಅದು ನೀರನ್ನು ಬಿಟ್ಟುಕೊಟ್ಟು ಬೆಣಚಾಗಿ ಮಾರ್ಪಡುವುದು. ತ್ಯಾವಣಿಗೆಯ ಸುತ್ತಣ ಬಂಡೆಗಳೋ ಲಾವಾ ಕಾಲದವೂ ಅಲ್ಲ. ಅವುಗಳ ವಯಸ್ಸು 250 ಕೋಟಿ ವರ್ಷಗಳಿಗೂ ಮೇಲು. ಅಂದು ಅಲ್ಲಿ ಓಪಲ್ ಇದ್ದಿದ್ದರೂ ಇಂದಿಗೆ ಉಳಿಯುವಂತಿಲ್ಲ.

ಆ ರೈತರ ಕಲ್ಲು ಬೆಣಚುಕಲ್ಲು. ಅದರ ಬಣ್ಣವೆಲ್ಲ ಒಂದು ಸೀಳಿನ ಉದ್ದಕ್ಕೆ ಮಾತ್ರ ಇದ್ದಿತು. ನೀರಿನ ಮೇಲೆ ಹರಡಿದ ಎಣ್ಣೆಯ ಪೊರೆಯಲ್ಲಿ ಬಣ್ಣ ತೋರುವುದಲ್ಲವೆ, ಹಾಗೆ. “ಯಜಮಾನರೆ, ಸಾಲ ಮಾಡಬೇಡಿ” ಎಂದೆ. ಅವರು ಬಹಳ ಹೊತ್ತು ಸುಮ್ಮನಿದ್ದರು. ಬಳಿಕ, “ಹಾಗಾದರೆ ನಮ್ಮ ನೆಲದಲ್ಲಿ ಓಪಲ್ ಇಲ್ಲವೇ ಇಲ್ಲವೆ, ಸ್ವಾಮಿ?” ಎಂದು ಕೇಳಿದರು.

ಉಂಟೆಂದೆ. ಭದ್ರಾ ನಾಲೆಯ ನೀರಿನಲ್ಲಿಯೂ ಗದ್ದೆಯ ಮಣ್ಣಿನಲ್ಲಿಯೂ ಕರಗಿರುವ ಸಿಲಿಕವನ್ನು ಭತ್ತದ ಬೇರು ಹೀರಿ, ಗರಿಯಲ್ಲಿಯೂ ಹೊಟ್ಟಿನಲ್ಲಿಯೂ ಕೂಡಿಡುವುದು. ಅಲ್ಲಿ ಅದು ಹೆಪ್ಪುಗಟ್ಟಿ ಓಪಲೇ ಆಗುವುದು. ಕಳೆ ಕೀಳುವವರ ಕೈಯನ್ನು ಗರಿಯ ಅಂಚು ತರಚುವುದಕ್ಕೆ ಇದೂ ಕಾರಣ. 100 ಸೇರು ತೂಕದ ಹೊಟ್ಟನ್ನು ಸುಟ್ಟರೆ ಸುಮಾರು 20 ಸೇರು ಬೂದಿ ಉಳಿಯುವುದು. ಅದರಲ್ಲಿ ಬಹುಭಾಗ ಸಿಲಿಕ. ಗುಂಡುಗಳ ಸಾಲಿಲ್ಲದ್ದರಿಂದ ಅದಕ್ಕೆ ಬಣ್ಣವೂ ಇಲ್ಲ, ರತ್ನದ ಬೆಲೆಯೂ ಇಲ್ಲ.

ರೈತರು ನಕ್ಕರು. ಕಲ್ಲನ್ನು ನನ್ನ ಮೇಜಿನ ಮೇಲೆಯೇ ಬಿಟ್ಟು, ನಾಟಿಗೆ ಹೊತ್ತಾಯಿತೆಂದು ಊರಿಗೆ ಹೊರಟರು.