ನೇಗಿಲು ಕೊಡಿ, ನೆಲೆ ಬಿಡಬೇಡಿ
(ಗ್ರಾಮಸೇವಕರೊಬ್ಬರು ರೈತರ ಸಭೆಯಲ್ಲಿ ಮಾಡಿದ ಭಾಷಣ)



ಬೀಜ, ಗೊಬ್ಬರದ ವಿಷಯ ಹೇಳುತ್ತಿದ್ದ ಗ್ರಾಮಸೇವಕ ಇಂದು ಮುಪ್ಪಿನ ಮಾತೆತ್ತಿದನಲ್ಲ ಎಂದು ಹಿರಿಯರು ನಗಬಹುದು. ನಾನಿನ್ನೂ ಮೂವತ್ತು ಮುಟ್ಟದವನು. ಆದರೂ ಮನೆ ಮನೆಗೆ ಹೋಗುವಾಗ ಕಂಡದ್ದನ್ನು ಹೇಳದಿರಲಾರೆ.

ನಮ್ಮ ರಾಜ್ಯದ ಸರ್ಕಾರಿ ನೌಕರನಿಗೆ 60 ತುಂಬಿದರೆ ನಿವೃತ್ತಿ. ಹಾರ ಹಾಕಿ ಕಳುಹಿಸುತ್ತಾರೆ. ರೈತನಿಗೆ ಅಂಥ ದಿನವಿಲ್ಲ. ಕೈಲಾಗದ ದಿನವೇ ಅವನ ನಿವೃತ್ತಿ. ಮುಂಬಯಿಯ ಅಂತರರಾಷ್ಟ್ರೀಯ ಜನಸಂಖ್ಯಾ ವಿಜ್ಞಾನ ಸಂಸ್ಥೆಯವರು 2017-18ರ ಸಮೀಕ್ಷೆಯಲ್ಲಿ, 45 ದಾಟಿದವರೂ ಅವರ ಸಂಗಾತಿಗಳೂ ಸೇರಿ 72,000ಕ್ಕೂ ಹೆಚ್ಚು ಜನರನ್ನು ವಿಚಾರಿಸಿದರು. ಹಳ್ಳಿಗಳಲ್ಲಿ 60 ದಾಟಿದವರ ಪೈಕಿ ನೂರಕ್ಕೆ ಸುಮಾರು 40 ಮಂದಿ ಇನ್ನೂ ದುಡಿಯುತ್ತಿದ್ದರು.

ದುಡಿಯುವುದು ತಪ್ಪಲ್ಲ, ಮೈಗೆ ಒಗ್ಗದ ಕೆಲಸವನ್ನು ಬಿಡದಿರುವುದು ತಪ್ಪು. ಎತ್ತಿಗೆ ವಯಸ್ಸಾದರೆ ಹಗುರ ಕೆಲಸಕ್ಕೆ ಕಟ್ಟುತ್ತೇವೆ. ನಮ್ಮ ಮೈಗೆ ಆ ಕರುಣೆ ತೋರುವುದಿಲ್ಲ. ಉಳುಮೆ, ಮೂಟೆ ಹೊರುವುದು, ಔಷಧಿ ಸಿಂಪಡಿಸುವುದು, ರಾತ್ರಿ ನೀರು ಹಾಯಿಸುವುದು, ಇವನ್ನು ಮೊದಲು ಮಕ್ಕಳಿಗೆ ಬಿಡಿ. ಬೀಜದ ಆಯ್ಕೆ, ದನಕರುಗಳ ಯೋಗಕ್ಷೇಮ, ಲೆಕ್ಕಪತ್ರ ನಿಮ್ಮಲ್ಲಿರಲಿ. ಹಂಗಾಮಿಗೊಂದರಂತೆ ಜವಾಬ್ದಾರಿ ಕೈ ಬದಲಾದರೆ ಮಕ್ಕಳಿಗೂ ಕಲಿಯಲು ಕಾಲ ಸಿಕ್ಕುತ್ತದೆ.

ಆದರೆ ಕೆಲಸ ಬಿಡುವುದು ಬೇರೆ, ಜಮೀನು ಬಿಡುವುದು ಬೇರೆ. ನನಗೆ ಪರಿಚಯದ ಹಿರಿಯರೊಬ್ಬರು ಸ್ವಂತ ಸಂಪಾದನೆಯ ಮೂರು ಎಕರೆಯನ್ನೂ ಮಗನಿಗೆ ದಾನಪತ್ರ ಮಾಡಿಕೊಟ್ಟರು. ಪತ್ರದಲ್ಲಿ ತಮ್ಮ ಪೋಷಣೆಯ ಮಾತನ್ನೇ ಬರೆಸಲಿಲ್ಲ. ಈಗ ಮಾತ್ರೆಗೂ ಮಗನ ಮುಖ ನೋಡಬೇಕು. "ನಾನೇ ಕೊಟ್ಟೆನಪ್ಪ, ಯಾರನ್ನು ದೂರಲಿ?" ಎಂದರು. ನನಗೆ ಉತ್ತರ ಹೊಳೆಯಲಿಲ್ಲ.

ಆಮೇಲೆ ಕೇಳಿ ತಿಳಿದುಕೊಂಡೆ. ಹಿರಿಯ ನಾಗರಿಕರ ಪೋಷಣೆಗಾಗಿ 2007ರಲ್ಲಿ ಆದ ಕಾಯ್ದೆಯೊಂದಿದೆ. ಪೋಷಿಸಬೇಕೆಂಬ ಷರತ್ತಿನ ಮೇಲೆ 60 ತುಂಬಿದವರು ಆಸ್ತಿ ಕೊಟ್ಟು, ಪಡೆದವನು ಮಾತಿಗೆ ತಪ್ಪಿದರೆ, ಅದರ 23ನೆಯ ಕಲಮಿನಂತೆ ಆ ಪತ್ರವನ್ನು ರದ್ದು ಮಾಡಿಸಬಹುದು. ಉಪವಿಭಾಗಾಧಿಕಾರಿಯವರ ನ್ಯಾಯಮಂಡಳಿಗೆ ಅರ್ಜಿ ಕೊಡಬೇಕು. ಈ ಷರತ್ತು ಅಗತ್ಯವೆಂದು 2022ರಲ್ಲಿ ಸರ್ವೋಚ್ಚ ನ್ಯಾಯಾಲಯ ಒತ್ತಿ ಹೇಳಿದೆ. ಆದ್ದರಿಂದ ಬಾಯಿಮಾತು ನಂಬದೆ ಪತ್ರದಲ್ಲಿಯೇ ಬರೆಸಿ. ಬರೆಸದೆ ಕೊಟ್ಟವರೂ ಧೈರ್ಯಗೆಡಬೇಕಿಲ್ಲ. ಮಕ್ಕಳಿಂದ ಜೀವನಾಂಶ ಕೇಳುವ ಹಕ್ಕು ಅದೇ ಕಾಯ್ದೆಯಲ್ಲಿದೆ. ಆ ಹಿರಿಯರಿಗೂ ಇದನ್ನೇ ತಿಳಿಸಿದ್ದೇನೆ.

ಯುವಕರಿಗೊಂದು ಮಾತು. 18ರಿಂದ 40 ವಯಸ್ಸಿನ, 2 ಹೆಕ್ಟೇರಿಗೆ ಮೀರದ ಜಮೀನುಳ್ಳ ರೈತರಿಗಾಗಿ 2019ರಲ್ಲಿ ಕಿಸಾನ್ ಮಾನ್‌ಧನ್ ಯೋಜನೆ ಬಂದಿತು. ಸೇರುವ ವಯಸ್ಸಿಗೆ ತಕ್ಕಂತೆ ತಿಂಗಳಿಗೆ 55ರಿಂದ 200 ರೂಪಾಯಿ ನೀವು ಕಟ್ಟಿದರೆ ಕೇಂದ್ರ ಸರ್ಕಾರವೂ ಅಷ್ಟೇ ಸೇರಿಸುತ್ತದೆ. 60 ತುಂಬಿದ ಮೇಲೆ ತಿಂಗಳಿಗೆ 3,000 ರೂಪಾಯಿ ಪಿಂಚಣಿ. ಬೇಗ ಸೇರಿದಷ್ಟೂ ಕಂತು ಕಡಿಮೆ. ಮನೆಯಲ್ಲಿ 65 ದಾಟಿದ ಬಡ ಹಿರಿಯರಿದ್ದರೆ ಸಂಧ್ಯಾ ಸುರಕ್ಷಾ ಯೋಜನೆಯ ವಿಷಯವನ್ನು ನಾಡಕಚೇರಿಯಲ್ಲಿ ಇಂದೇ ವಿಚಾರಿಸಿ.

ಹಿರಿಯರೇ, ನೇಗಿಲನ್ನು ಸಂತೋಷದಿಂದ ಕೊಡಿ. ಕುಳಿತುಕೊಳ್ಳುವ ನೆಲೆಯನ್ನು ಮಾತ್ರ ಕಡೆಯವರೆಗೂ ಉಳಿಸಿಕೊಳ್ಳಿ.