ಧಾರೆ ಕಡಿಯುವುದೆಲ್ಲಿ?



ಕಂಪ್ಯೂಟರಿನಲ್ಲಿ ಹಾಡು ಹಾಕಿಕೊಂಡು ಕೂತಿದ್ದೀರಿ. ಆಲಾಪನೆ ಈಗಷ್ಟೇ ತಾರಸ್ಥಾಯಿಗೆ ಏರುತ್ತಿದೆ. ಅಷ್ಟರಲ್ಲಿ ‘ಟರ್ರ್’ ಎಂದು ಸ್ವರ ತುಂಡಾಗುತ್ತದೆ, ಅದೇ ಅಕ್ಷರ ನಾಲ್ಕು ಸಲ ತೊದಲಿ ಮುಂದೆ ಹೋಗುತ್ತದೆ. ಬೈಸಿಕೊಳ್ಳುವುದು ಸ್ಪೀಕರು. ನಾನೂ ಇಯರ್‌ಫೋನ್ ಬದಲಿಸಿದೆ, ಹೊಸ ಸ್ಪೀಕರ್ ತಂದೆ. ತೊದಲು ಹೋಗಲಿಲ್ಲ.

ಶಿವಾಲಯದಲ್ಲಿ ಲಿಂಗದ ಮೇಲೆ ತೂಗುವ ಧಾರಾಪಾತ್ರೆ ನೋಡಿದ್ದೀರಲ್ಲ. ತಳದ ಸಣ್ಣ ತೂತಿನಿಂದ ನೀರು ಎಳೆಯಾಗಿ ಇಳಿಯುತ್ತಲೇ ಇರಬೇಕು. ಅರ್ಚಕರು ಅದರ ಪಕ್ಕದಲ್ಲೇ ನಿಂತಿರುವುದಿಲ್ಲ, ಆಗಾಗ ಬಂದು ತುಂಬಿಸಿ ಹೋಗುತ್ತಾರೆ. ಅವರನ್ನು ಯಾರೋ ಬಾಗಿಲಲ್ಲಿ ಮಾತಿಗೆ ನಿಲ್ಲಿಸಿಕೊಂಡರೆ ಪಾತ್ರೆ ಬರಿದು, ಧಾರೆ ಕಡಿಯಿತು. ಕಂಪ್ಯೂಟರಿನೊಳಗೂ ಅಂಥದೊಂದು ಪಾತ್ರೆಯಿದೆ, ಅದಕ್ಕೆ ಬಫರ್ ಎಂದು ಹೆಸರು. ಸಿ.ಡಿ. ಗುಣಮಟ್ಟದ ಸಂಗೀತವೆಂದರೆ ಸೆಕೆಂಡಿಗೆ 44,100 ಧ್ವನಿಮಾದರಿಗಳು. 512 ಮಾದರಿ ಹಿಡಿಸುವ ಬಫರ್ ಬರಿದಾಗಲು 12 ಮಿಲಿಸೆಕೆಂಡೂ ಬೇಡ. ಅಷ್ಟರೊಳಗೆ ಪ್ರೊಸೆಸರ್ ಬಂದು ತುಂಬಲೇಬೇಕು.

ಅದನ್ನು ಬಾಗಿಲಲ್ಲಿ ತಡೆಯುವವರು ಯಾರು? ಹಿಂದೆ ಇದು ನೇರ ಜಗಳವೇ ಆಗಿತ್ತು. 1981ರ ಐಬಿಎಂ ಪಿಸಿಯಲ್ಲಿ ಬಿಡಿಭಾಗಗಳು ಪ್ರೊಸೆಸರನ್ನು ಕರೆಯಲು ಇದ್ದದ್ದು 8 ಕರೆದಾರಿಗಳು. 7ನೇ ನಂಬರಿನದು ಪ್ರಿಂಟರಿಗೆ ಮೀಸಲು. ಮೊದಮೊದಲ ಸೌಂಡ್ ಬ್ಲಾಸ್ಟರ್ ಎಂಬ ಧ್ವನಿ ಕಾರ್ಡುಗಳೂ ಕಾರ್ಖಾನೆಯಿಂದಲೇ ಅದೇ 7ಕ್ಕೆ ಹೊಂದಿಸಿ ಬರುತ್ತಿದ್ದವು. ಆಗ ದಾರಿ ಬದಲಿಸಲು ಕಂಪ್ಯೂಟರ್ ಬಿಚ್ಚಿ, ಕಾರ್ಡಿನ ಮೇಲಿನ ಉದ್ದಿನಕಾಳಿನಷ್ಟು ಪುಟ್ಟ ಜಂಪರನ್ನು ಚಿಮಟದಲ್ಲಿ ಕಿತ್ತು ಪಕ್ಕದ ಮುಳ್ಳಿಗೆ ಸಿಕ್ಕಿಸಬೇಕಿತ್ತು.

ಇಂದು ದಾರಿಗಳಿಗೆ ಬರವಿಲ್ಲ. ಆದರೆ ವೈಫೈ, ಗ್ರಾಫಿಕ್ಸ್, ಬ್ಯಾಟರಿ ಹೀಗೆ ಒಂದೊಂದಕ್ಕೂ ಡ್ರೈವರ್ ಎಂಬ ತಂತ್ರಾಂಶವಿದೆ. ಅವುಗಳಲ್ಲೊಂದು ಪ್ರೊಸೆಸರನ್ನು ಹಿಡಿದುಕೊಂಡು ಬೇಗ ಬಿಡದಿದ್ದರೆ ಧ್ವನಿಯ ಸರದಿ ತಪ್ಪುತ್ತದೆ. ಚಿತ್ರದಲ್ಲಿ ಒಂದು ಚೌಕಟ್ಟು ತಪ್ಪಿದರೆ ಕಣ್ಣು ಸಹಿಸಿಕೊಳ್ಳುತ್ತದೆ, ಕಿವಿ ಸಹಿಸುವುದಿಲ್ಲ.

ವಿಂಡೋಸ್‌ನಲ್ಲಿ ಲೇಟೆನ್ಸಿಮಾನ್ ಎಂಬ ತಂತ್ರಾಂಶ ಓಡಿಸಿದರೆ ಹೆಚ್ಚು ಹೊತ್ತು ಹಿಡಿದುಕೊಂಡ ಡ್ರೈವರಿನ ಹೆಸರು ಸಿಗುತ್ತದೆ. ಅದಿಲ್ಲದೆಯೂ ಹುಡುಕಬಹುದು. ಡಿವೈಸ್ ಮ್ಯಾನೇಜರ್ ತೆರೆದು ಮೊದಲು ವೈಫೈ ನಿಲ್ಲಿಸಿ, ಡಿಸ್ಕಿನಲ್ಲಿ ಇಟ್ಟುಕೊಂಡ ಒಂದೇ ಹಾಡನ್ನು ಹತ್ತು ನಿಮಿಷ ಕೇಳಿ. ತೊದಲು ಉಳಿಯಿತೆ? ವೈಫೈ ಮತ್ತೆ ಚಾಲೂ ಮಾಡಿ, ಬ್ಲೂಟೂತ್ ನಿಲ್ಲಿಸಿ, ಆಮೇಲೆ ಕ್ಯಾಮೆರಾ. ಒಂದು ಸಲಕ್ಕೆ ಒಂದೇ. ಎರಡನ್ನು ಒಟ್ಟಿಗೆ ಮುಟ್ಟಿದರೆ ತಪ್ಪು ಯಾರದೆಂದು ತಿಳಿಯುವುದಿಲ್ಲ. ಡಿಸ್ಕ್ ಮತ್ತು ಡಿಸ್‌ಪ್ಲೇ ತಂಟೆಗೆ ಮಾತ್ರ ಹೋಗಬೇಡಿ. ನನ್ನಲ್ಲಿ ವೈಫೈ ನಿಂತ ಕೂಡಲೇ ಆಲಾಪನೆ ಎಳೆ ಹರಿಯದೆ ಸಾಗಿತು. ಡ್ರೈವರ್ ಹೊಸದು ಹಾಕಿದ ಮೇಲೆ ಎರಡೂ ಜೊತೆಯಲ್ಲೇ ನಡೆಯುತ್ತಿವೆ.

ಬಫರನ್ನು ದೊಡ್ಡದು ಮಾಡುವುದೂ ಒಂದು ಉಪಾಯ, ಕೇಳುವವರಿಗೆ ಸಾಕು. ಹಾಡಿ ಮುದ್ರಿಸುವವರಿಗೆ ಆಗದು: 2,048 ಮಾದರಿಗೆ ಏರಿಸಿದರೆ ತಮ್ಮ ದನಿಯೇ 46 ಮಿಲಿಸೆಕೆಂಡಿಗೂ ತಡವಾಗಿ ಕಿವಿಗೆ ಬಂದು ತಾಳ ಕೆಡುತ್ತದೆ.

ತಂತಿಯಿಲ್ಲದ ಹೆಡ್‌ಫೋನ್ ಇದ್ದವರು ಇನ್ನೊಂದನ್ನು ನೋಡಿ. ಯುಎಸ್‌ಬಿ 3.0 ಡಿಸ್ಕು ಕೆಲಸ ಮಾಡುವಾಗ ಹೊಮ್ಮುವ ರೇಡಿಯೋ ಗದ್ದಲ, ಇಂಥ ಅನೇಕ ಹೆಡ್‌ಫೋನುಗಳು ಬಳಸುವ 2.4 ಗಿಗಾಹರ್ಟ್ಸ್ ಪಟ್ಟಿಯಲ್ಲೂ ಹರಡುತ್ತದೆ. ಹೆಡ್‌ಫೋನಿನ ರಿಸೀವರ್ ಡಿಸ್ಕಿನ ಪಕ್ಕದ ರಂಧ್ರದಲ್ಲೇ ಇದ್ದರೆ, ಎರಡು ಮೊಳದ ಎಕ್ಸ್‌ಟೆನ್ಷನ್ ಕೇಬಲ್ ಹಾಕಿ ಅದನ್ನು ಮೇಜಿನ ಆಚೆ ತುದಿಗೆ ಸರಿಸಿ ನೋಡಿ.