ಕಾವಲು ಕ್ಯಾಮೆರಾ: ಕೊಳ್ಳುವ ಮುನ್ನ, ಕೆಟ್ಟ ಮೇಲೆ



ಅಂಗಡಿಯ ಬೀಗ ಒಡೆದು ಕಳ್ಳತನವಾಗಿದೆ. ಒಳಗೆ ಕ್ಯಾಮೆರಾ ಇದೆ, ಚಿತ್ರವೂ ದಾಖಲಾಗಿದೆ. ಒಬ್ಬಾತ ಬರುವುದು, ಗಲ್ಲಾಪೆಟ್ಟಿಗೆ ತೆರೆಯುವುದು, ಹೊರಟುಹೋಗುವುದು ಎಲ್ಲವೂ ಪರದೆಯ ಮೇಲೆ ಕಾಣುತ್ತದೆ. ಕಾಣದಿರುವುದು ಅವನ ಮುಖ ಮಾತ್ರ. ಸಾವಿರಾರು ರೂಪಾಯಿ ಖರ್ಚು ಮಾಡಿಯೂ ಪೊಲೀಸರ ಕೈಗೆ ಒಂದು ಗುರುತು ಕೊಡಲಾಗದ ಈ ಸ್ಥಿತಿ ಹಲವು ಮನೆ, ಅಂಗಡಿಗಳಲ್ಲಿದೆ. ಕಳ್ಳತನವಾಗುವವರೆಗೆ ಅದು ಗೊತ್ತಾಗುವುದಿಲ್ಲ, ಅಷ್ಟೆ. ಅದನ್ನು ಮೊದಲೇ ತಿಳಿಯುವುದು ಹೇಗೆ, ಕೊಳ್ಳುವಾಗ ಏನು ನೋಡಬೇಕು, ಕೆಟ್ಟಾಗ ಎಲ್ಲಿಂದ ಹುಡುಕಬೇಕು ಎಂಬುದನ್ನು ಇಲ್ಲಿ ವಿಚಾರ ಮಾಡೋಣ.

ಕ್ಯಾಮೆರಾ ಕೊಳ್ಳಲು ಹೋದವರು ಮೊದಲು ಕೇಳುವುದು, "ಎಷ್ಟು ಮೆಗಾಪಿಕ್ಸೆಲ್?" ಎಂದು. ಅದಕ್ಕೂ ಮುಂಚೆ ನಿಮ್ಮನ್ನು ನೀವೇ ಕೇಳಿಕೊಳ್ಳಬೇಕಾದ ಪ್ರಶ್ನೆಯೊಂದಿದೆ: ಯಾವ ಜಾಗದಲ್ಲಿ ಏನು ಕಾಣಬೇಕು? ಯಾರೋ ಬಂದರೆಂದು ತಿಳಿದರೆ ಸಾಕೇ, ಬಂದವರು ಯಾರೆಂದು ಗುರುತು ಹಿಡಿಯಬೇಕೇ? ಇವೆರಡರ ನಡುವೆ ಅಜಗಜಾಂತರವಿದೆ. ಅಂತರರಾಷ್ಟ್ರೀಯ ವಿದ್ಯುತ್ ತಾಂತ್ರಿಕ ಆಯೋಗ 2014ರಲ್ಲಿ ಪ್ರಕಟಿಸಿದ ಮಾನಕದ ಪ್ರಕಾರ, ಮನುಷ್ಯನೊಬ್ಬ ಇದ್ದಾನೆಂದು ತಿಳಿಯಲು ದೃಶ್ಯದ ಪ್ರತಿ ಮೀಟರಿಗೆ 25 ಚಿತ್ರಬಿಂದು ಸಾಕು. ಪರಿಚಿತರನ್ನು ಗುರುತಿಸಲು 125 ಬೇಕು. ಅಪರಿಚಿತನನ್ನು ನಿಸ್ಸಂದೇಹವಾಗಿ ಇವನೇ ಎನ್ನಲು 250 ಬೇಕು.

ಈಗ ಸಣ್ಣ ಲೆಕ್ಕ ಹಾಕೋಣ. ಎರಡು ಮೆಗಾಪಿಕ್ಸೆಲ್ ಕ್ಯಾಮೆರಾದ ಚಿತ್ರದ ಅಗಲದಲ್ಲಿ 1920 ಬಿಂದುಗಳಿರುತ್ತವೆ. ಅದು 30 ಮೀಟರ್ ಅಗಲದ ಬೀದಿಯನ್ನು ತೋರಿಸುತ್ತಿದ್ದರೆ ಮೀಟರಿಗೆ 64 ಬಿಂದು ಮಾತ್ರ. ಸುಮಾರು 16 ಸೆಂಟಿಮೀಟರ್ ಅಗಲದ ಮುಖಕ್ಕೆ ದಕ್ಕುವುದು ಹತ್ತೇ ಬಿಂದು! ಅಷ್ಟರಲ್ಲಿ ಕಣ್ಣು, ಮೂಗು ಮೂಡುವುದಾದರೂ ಹೇಗೆ? ಅದೇ ಕ್ಯಾಮೆರಾವನ್ನು ಏಳೂವರೆ ಮೀಟರ್ ಅಗಲಕ್ಕೆ ಸೀಮಿತಗೊಳಿಸಿದರೆ ಮುಖಕ್ಕೆ ನಲವತ್ತು ಬಿಂದು ಸಿಗುತ್ತವೆ.

ಈ ಅಗಲವನ್ನು ನಿರ್ಧರಿಸುವುದು ಮಸೂರ, ಅಂದರೆ ಲೆನ್ಸ್. ಮಾರುಕಟ್ಟೆಯಲ್ಲಿ ಸಾಮಾನ್ಯವಾಗಿ ಸಿಗುವ 2.8 ಮಿಲಿಮೀಟರ್ ಲೆನ್ಸ್ ಐದು ಮೀಟರ್ ದೂರದಲ್ಲಿ ಸುಮಾರು 12 ಮೀಟರ್ ಅಗಲವನ್ನು ತೋರಿಸುತ್ತದೆ; 6 ಮಿಲಿಮೀಟರಿನದು ಐದು ಮೀಟರಿಗಿಂತ ಕಡಿಮೆ. ಆದ್ದರಿಂದ ಅಂಗಡಿಯನ್ನೆಲ್ಲ ನೋಡಲು ಅಗಲ ಲೆನ್ಸಿನದೊಂದು, ಬಾಗಿಲಲ್ಲಿ ಮುಖ ಹಿಡಿಯಲು ಕಿರಿದು ಲೆನ್ಸಿನದೊಂದು ಇರಲಿ. ಬಾಗಿಲ ಕ್ಯಾಮೆರಾವನ್ನು ಸೂರಿಗೆ ಏರಿಸಬೇಡಿ. ತಲೆ, ಟೋಪಿ ಮಾತ್ರ ಕಂಡೀತು. ಎರಡು, ಎರಡೂವರೆ ಮೀಟರ್ ಎತ್ತರ ಸಾಕು. ಪಕ್ಕದ ಮನೆಯ ಬಾಗಿಲು ಚಿತ್ರದೊಳಗೆ ಬಾರದಂತೆಯೂ ನೋಡಿಕೊಳ್ಳಿ. ಅವರ ಖಾಸಗಿತನಕ್ಕೂ ಬೆಲೆಯಿದೆ.

ಇನ್ನು ಬೆಳಕಿನ ಮಾತು. ಟೆಲಿವಿಷನ್ ಚಿತ್ರೀಕರಣದಲ್ಲಿ ನಾವು ಅತಿಥಿಗಳನ್ನು ಬಿಸಿಲು ಬೀಳುವ ಕಿಟಕಿಗೆ ಬೆನ್ನು ಮಾಡಿ ಕೂರಿಸುವುದಿಲ್ಲ. ಕೂರಿಸಿದರೆ ಮುಖ ಕಪ್ಪಾಗುತ್ತದೆ. ಅಂಗಡಿಯೊಳಗಿನಿಂದ ಬೀದಿ ಬಾಗಿಲಿನತ್ತ ನೋಡುವ ಕ್ಯಾಮೆರಾಕ್ಕೆ ದಿನವಿಡೀ ಇದೇ ಪಾಡು. ಅಂಥ ಜಾಗಕ್ಕೆ ಡಬ್ಲ್ಯೂಡಿಆರ್ ಸೌಲಭ್ಯವಿರುವ ಕ್ಯಾಮೆರಾವನ್ನೇ ಕೇಳಿ ಪಡೆಯಿರಿ. ರಾತ್ರಿಯಲ್ಲಿ ಕ್ಯಾಮೆರಾ ತನ್ನದೇ ಅವಕೆಂಪು ದೀಪ ಹೊತ್ತಿಸಿಕೊಂಡು ಕಪ್ಪು ಬಿಳುಪಿನಲ್ಲಿ ನೋಡುತ್ತದೆ. ಬೆಳಕು ಸಾಲದಾದಾಗ ಅದು ಒಂದೊಂದು ಚಿತ್ರಕ್ಕೂ ಹೆಚ್ಚು ಹೊತ್ತು ತೆಗೆದುಕೊಳ್ಳುವುದರಿಂದ ನಡೆಯುವವನ ಮುಖ ಕಲಸಿಹೋಗುತ್ತದೆ. ಬಾಗಿಲ ಬಳಿ ಒಂದು ಎಲ್‌ಇಡಿ ಬಲ್ಬು ಉರಿಯುತ್ತಿದ್ದರೆ ಸಾಧಾರಣ ಕ್ಯಾಮೆರಾವೂ ಚೆನ್ನಾಗಿ ಕೆಲಸ ಮಾಡೀತು.

ದಾಖಲಿಸುವ ಡಿಸ್ಕಿನ ಅಳತೆಯನ್ನೂ ಲೆಕ್ಕ ಹಾಕಿಯೇ ಕೊಳ್ಳಬೇಕು. ಸೆಕೆಂಡಿಗೆ 4 ಮೆಗಾಬಿಟ್ ದರದಲ್ಲಿ ಒಂದು ಕ್ಯಾಮೆರಾ ದಿನಕ್ಕೆ ಸುಮಾರು 43 ಗಿಗಾಬೈಟ್ ತುಂಬಿಸುತ್ತದೆ. ನಾಲ್ಕು ಕ್ಯಾಮೆರಾಗಳಾದರೆ ಒಂದು ಟೆರಾಬೈಟ್ ಡಿಸ್ಕು ಆರು ದಿನ ತುಂಬುವ ಮೊದಲೇ ಮುಗಿದು, ಹಳೆಯ ಚಿತ್ರಗಳು ಅಳಿಯತೊಡಗುತ್ತವೆ. ಹಬ್ಬಕ್ಕೆಂದು ಊರಿಗೆ ಹೋಗಿ ವಾರ ಕಳೆದು ಬಂದವರಿಗೆ ಕಳ್ಳತನದ ದಿನದ ಚಿತ್ರವೇ ಇರುವುದಿಲ್ಲ. ಎಚ್ ಡಾಟ್ 265 ವಿಧಾನದಲ್ಲಿ ಸುಮಾರು ಅರ್ಧದಷ್ಟು ಜಾಗ ಉಳಿಯುತ್ತದೆ. ಹೆಚ್ಚು ಜನ ಸೇರುವ ವಾಣಿಜ್ಯ ಸ್ಥಳಗಳು 30 ದಿನಗಳ ಚಿತ್ರವನ್ನು ಇಟ್ಟುಕೊಳ್ಳಬೇಕೆಂದು ಕರ್ನಾಟಕದ 2017ರ ಸಾರ್ವಜನಿಕ ಸುರಕ್ಷತಾ ಕಾನೂನು ಹೇಳುತ್ತದೆ.

ಈಗ ದೋಷಗಳ ವಿಷಯಕ್ಕೆ ಬರೋಣ. ಚಿತ್ರ ನಿಂತೊಡನೆ ಕ್ಯಾಮೆರಾ ಕೆಟ್ಟಿತೆಂದು ತೀರ್ಮಾನಿಸಬೇಡಿ. ಮೊದಲು ವಿದ್ಯುತ್ತನ್ನು ಪರೀಕ್ಷಿಸಿ. ಹಗಲಲ್ಲಿ ಸರಿಯಾಗಿದ್ದು, ಕತ್ತಲಾದೊಡನೆ ಆರಿ ಆರಿ ಹೊತ್ತುವ ಕ್ಯಾಮೆರಾವನ್ನು ನೀವು ಕಂಡಿರಬಹುದು. ಕಾರಣ ಸರಳ. ಅವಕೆಂಪು ದೀಪಗಳು ಹೊತ್ತಿದಾಗ ಅದು ಹೆಚ್ಚು ವಿದ್ಯುತ್ತನ್ನು ಎಳೆಯುತ್ತದೆ. 0.5 ಚದರ ಮಿಲಿಮೀಟರಿನ ತಾಮ್ರದ ತಂತಿ 60 ಮೀಟರ್ ದೂರ ಹೋಗಿದ್ದರೆ, ಅರ್ಧ ಆಂಪಿಯರ್ ಹರಿದಾಗ ದಾರಿಯಲ್ಲೇ ಸುಮಾರು 2 ವೋಲ್ಟ್ ನಷ್ಟ. 12 ವೋಲ್ಟ್ ಬೇಕಾದಲ್ಲಿ 10 ಮಾತ್ರ ತಲಪುತ್ತದೆ. ಮಲ್ಟಿಮೀಟರನ್ನು ರಾತ್ರಿ ಹೊತ್ತು, ಕ್ಯಾಮೆರಾದ ತುದಿಯಲ್ಲಿ ಹಿಡಿದು ನೋಡಿ. ದಪ್ಪ ತಂತಿ ಹಾಕಿದರೆ, ಇಲ್ಲವೇ ವಿದ್ಯುತ್ ಪೂರೈಕೆಯ ಪೆಟ್ಟಿಗೆಯನ್ನು ಹತ್ತಿರಕ್ಕೆ ತಂದರೆ ಮುಗಿಯಿತು.

ವಿದ್ಯುತ್ ಸರಿಯಿದ್ದರೆ ಅದಲುಬದಲು ಮಾಡಿ ನೋಡಿ. ಚೆನ್ನಾಗಿರುವ ಕ್ಯಾಮೆರಾವನ್ನು ಕೆಟ್ಟದ್ದರ ತಂತಿಗೆ ಜೋಡಿಸಿ. ಆಗಲೂ ಚಿತ್ರ ಬಾರದಿದ್ದರೆ ದೋಷ ತಂತಿಯಲ್ಲೋ ಕನೆಕ್ಟರಿನಲ್ಲೋ ರೆಕಾರ್ಡರಿನಲ್ಲೋ ಇದೆ. ಮಳೆಗಾಲದ ನಂತರ ಬರುವ ದೂರುಗಳಿಗೆ ತೆರೆದ ಜೋಡಣೆಯೊಳಗೆ ಇಳಿದ ನೀರೇ ಕಾರಣವಾಗಿರಬಹುದು. ಜೋಡಣೆಗಳು ಮುಚ್ಚಿದ ಪೆಟ್ಟಿಗೆಯೊಳಗಿರಲಿ. ರಾತ್ರಿ ಚಿತ್ರ ಬೆಳ್ಳಗೆ ಮಂಜಾದರೆ ಗಾಜಿನ ಮುಂದೆ ಜೇಡರ ಬಲೆ ಇದೆಯೇ ನೋಡಿ. ಹಗಲಲ್ಲಿ ಚಿತ್ರ ಗುಲಾಬಿ ಬಣ್ಣಕ್ಕೆ ತಿರುಗಿದ್ದರೆ ಒಳಗಿನ ಅವಕೆಂಪು ಶೋಧಕ ಸಿಕ್ಕಿಕೊಂಡಿರುವ ಸಂಭವವಿದೆ. ಕರೆಂಟು ಹೋಗಿ ಬಂದಾಗಲೆಲ್ಲ ಗಡಿಯಾರ ಹಿಂದಕ್ಕೆ ಹೋಗುತ್ತಿದ್ದರೆ ರೆಕಾರ್ಡರಿನೊಳಗಿನ ನಾಣ್ಯದಾಕಾರದ ಬ್ಯಾಟರಿ ಬದಲಿಸಿ. ವೇಳೆ ತಪ್ಪಿದ ಚಿತ್ರದ ಬಗ್ಗೆ ನ್ಯಾಯಾಲಯದಲ್ಲಿ ಪ್ರಶ್ನೆಗಳೇಳುತ್ತವೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಪ್ರಕರಣದಂತೆ ಇಂಥ ದಾಖಲೆಯ ಪ್ರತಿಯ ಜೊತೆ ಪ್ರಮಾಣಪತ್ರವನ್ನೂ ಸಲ್ಲಿಸಬೇಕು.

ಕಾರ್ಖಾನೆಯಿಂದ ಬಂದ ಪಾಸ್‌ವರ್ಡನ್ನು ಮೊದಲ ದಿನವೇ ಬದಲಿಸಿ. 2016ರಲ್ಲಿ ಮಿರಾಯ್ ಎಂಬ ದುಷ್ಟ ತಂತ್ರಾಂಶ ಅಂತರ್ಜಾಲಕ್ಕೆ ಜೋಡಿಸಿದ್ದ ಲೆಕ್ಕವಿಲ್ಲದಷ್ಟು ಕ್ಯಾಮೆರಾ, ರೆಕಾರ್ಡರುಗಳನ್ನು ವಶಮಾಡಿಕೊಂಡದ್ದು ಬದಲಿಸದೆ ಬಿಟ್ಟ ಪಾಸ್‌ವರ್ಡುಗಳ ಮೂಲಕವೇ.

ಕೊನೆಯದಾಗಿ ಖರ್ಚಿಲ್ಲದ ಒಂದು ಪರೀಕ್ಷೆ. ತಿಂಗಳಿಗೊಮ್ಮೆ ರಾತ್ರಿ ಮನೆಯವರೊಬ್ಬರು ಬಾಗಿಲ ಮುಂದೆ ಎಂದಿನಂತೆ ನಡೆದುಹೋಗಲಿ. ಬೆಳಿಗ್ಗೆ ಆ ದೃಶ್ಯವನ್ನು ಹುಡುಕಿ ತೆಗೆದು, ಪೆನ್‌ಡ್ರೈವಿಗೆ ಪ್ರತಿ ಮಾಡಿ, ಅವರನ್ನು ಬಲ್ಲ ನೆರೆಯವರಿಗೆ ತೋರಿಸಿ. ಯಾರೆಂದು ಅವರು ಥಟ್ಟನೆ ಹೇಳಿದರೆ ನಿಮ್ಮ ಕ್ಯಾಮೆರಾ ಕಾವಲಿಗಿದೆ. ತಡವರಿಸಿದರೆ ಇಂದೇ ಏಣಿ ಹತ್ತಿ ಸರಿಪಡಿಸಿಕೊಳ್ಳಿ.